ನಮ್ಮ ಸೀಮೆ ಒಕ್ಕೂಟ ಸೇರಿದ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡು ಎಂದು ನಮ್ಮ ಸಮಾಜ ವಿಜ್ಞಾನದ ಗುರುಗಳು ಫೋನ್ ಮಾಡಿದಾಗ ನಾನು ಹಿಂದೆಮುಂದೆ ನೋಡಿದೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ ಎಂದೆ. "ನೀನು ಎಂಟನೇ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ನೆನಪೈತೇನು? ಅದಕ್ಕೆ ನೀನೇ ಉತ್ತರ ಬರಿ" ಎಂದರು. ನನಗೆ ನೆನಪಿತ್ತು. ಎಲ್ಲರೂ ಆಗಸ್ಟ್ 15 ಮತ್ತು ಜನವರಿ 26ರಂದು ಧ್ವಜ ಹಾರಿಸುತ್ತಾರೆ, ನಾವು ಮಾತ್ರ ಸೆಪ್ಟೆಂಬರ್ 17ರಂದೂ ಯಾಕೆ ಹಾರಿಸುತ್ತೇವೆ ಎಂದು ಕೇಳಿದ್ದೆ. ಅಂದು ನಮಗೆ ಒಂದು ದಿನ ಹೆಚ್ಚಿಗೆ ಮಿಠಾಯಿ ಸಿಗುತ್ತದೆ ಎಂಬುದೇ ದೊಡ್ಡ ವಿಷಯವಾಗಿತ್ತು.

ಬೆಂಗಳೂರಿಗೆ ಬಂದ ಮೇಲೆ ಆ ಪ್ರಶ್ನೆಗೆ ಬೇರೆ ಅರ್ಥ ಬಂತು. ನನ್ನ ಮೊದಲ ಕೆಲಸದ ಸಂದರ್ಶನದಲ್ಲಿ ಒಬ್ಬರು, "ಸಿಂಧನೂರಾ? ಅದು ಆಂಧ್ರದಲ್ಲಿ ಬರುತ್ತಲ್ವಾ?" ಎಂದು ಕೇಳಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಗೊತ್ತಿರಲಿಲ್ಲ ಅಷ್ಟೇ. ಸೇರಿ ಇಷ್ಟು ವರ್ಷವಾದರೂ ಸೇರಿದ್ದು ಗೊತ್ತಾಗಿಲ್ಲವಲ್ಲ ಎಂದು ನನಗೆ ಅನ್ನಿಸಿತು. ಒಂದು ದೇಶವಾಗಲಿ ರಾಜ್ಯವಾಗಲಿ ಹೊಸ ನಾಡನ್ನು ತನ್ನೊಳಗೆ ಸೇರಿಸಿಕೊಂಡಾಗ ಇಬ್ಬರಿಗೂ ಆಗುವ ಲಾಭವೇನು, ತೊಡಕುಗಳೇನು? ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿದರೆ ಸಾಕು.

ಹಲವು ಒಡೆಯರ ನೆಲ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ನೆಲಕ್ಕೆ ರಾಯಚೂರು ದೋಆಬ್ ಎಂದು ಹೆಸರು. ಇದು ಒಬ್ಬ ಒಡೆಯನ ಕೈಯಲ್ಲಿ ಬಹಳ ಕಾಲ ನಿಂತಿದ್ದೇ ಇಲ್ಲ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇದನ್ನು ಗುರುತಿಸಿದರು. 'ದೇವಾನಾಂಪ್ರಿಯ' ಎಂದು ಕರೆದುಕೊಳ್ಳುತ್ತಿದ್ದ ಅರಸ ಅಶೋಕನೇ ಎಂಬುದು ಖಚಿತವಾದದ್ದು ಈ ಕಲ್ಲಿನಿಂದ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ಮೇಲೇರಬಹುದು ಎಂಬುದು ಅದರ ಸಾರ. ಆದರೆ ಆ ಮಾತು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿದೆ. ಅಂದರೆ ದೂರದ ರಾಜಧಾನಿಯ ಭಾಷೆಯಲ್ಲಿ ನಮಗೆ ಆದೇಶ ಬರುವುದು ಎರಡು ಸಾವಿರ ವರ್ಷಗಳಿಗೂ ಹಳೆಯ ರೂಢಿ.

ಮುಂದೆ ಇದೇ ದೋಆಬಿಗಾಗಿ ಬಹಮನಿಯವರು ಮತ್ತು ವಿಜಯನಗರದವರು ತಲೆಮಾರುಗಟ್ಟಲೆ ಕಾದಾಡಿದರು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯ ಗೆದ್ದ. ಕೊನೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆ ಬಂತು. 1853ರಲ್ಲಿ ನಿಜಾಮರು ದೋಆಬನ್ನು ಬ್ರಿಟಿಷರ ವಶಕ್ಕೆ ಒಪ್ಪಿಸಿದರು, 1860ರಲ್ಲಿ ಅದು ಮರಳಿ ನಿಜಾಮರಿಗೆ ಬಂತು. ಲಿಂಗಸುಗೂರಿನ ಛಾವಣಿ ಎಂಬ ಹೆಸರು ಆ ಕಾಲದ ಸೈನ್ಯದ ನೆನಪು. ಈ ಎಲ್ಲ ಕೊಡುಕೊಳ್ಳುವಿಕೆಯಲ್ಲಿ ಇಲ್ಲಿನ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮೊದಲ ಸೇರ್ಪಡೆ: 1948

1947ರ ಆಗಸ್ಟ್ 15ರಂದು ಬ್ರಿಟಿಷರು ಹೋದಾಗ ಐದುನೂರಕ್ಕೂ ಹೆಚ್ಚು ಸಂಸ್ಥಾನಗಳ ಪ್ರಶ್ನೆ ಉಳಿಯಿತು. ಹೆಚ್ಚಿನವು ಭಾರತ ಒಕ್ಕೂಟಕ್ಕೆ ಸೇರಲು ಸಹಿ ಹಾಕಿದ್ದವು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಪ್ಪಲಿಲ್ಲ. ಅವರದು ಸಣ್ಣ ಸಂಸ್ಥಾನವಲ್ಲ. 16 ಜಿಲ್ಲೆಗಳು, ಸ್ವಂತ ಸೈನ್ಯ, ಸ್ವಂತ ರೈಲು, ಸ್ವಂತ ನಾಣ್ಯವಿತ್ತು. ಅದರಲ್ಲಿ ತೆಲುಗು ಜಿಲ್ಲೆಗಳು 8, ಮರಾಠಿಯವು 5, ಕನ್ನಡದವು ರಾಯಚೂರು, ಗುಲ್ಬರ್ಗ, ಬೀದರ್ ಎಂಬ 3. ಮೂರರಲ್ಲೂ ಆಡಳಿತದ ಭಾಷೆ ಉರ್ದು.

ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಖಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಗಳಲ್ಲಿ ಹೆಚ್ಚಿತು. ಸ್ವಾಮಿ ರಮಾನಂದ ತೀರ್ಥರ ಮುಂದಾಳತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಚಳವಳಿ ನಡೆಸಿತು. ನಮ್ಮ ಕಡೆಯ ಹೋರಾಟಗಾರರು ಗಡಿಯಾಚೆಗೆ ಹೋಗಿ ಶಿಬಿರ ಹಾಕಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂತು. 17ರಂದು ನಿಜಾಮರು ಸೋಲೊಪ್ಪಿದರು. ನಾವು ಮೂರನೆಯ ಸಲ ಧ್ವಜ ಹಾರಿಸುವುದು ಈ ದಿನಕ್ಕಾಗಿ. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳ ನಂತರ ನಮಗೆ ಬಂತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ರಜಾಕಾರರ ಕೈಯಲ್ಲಿ ಅನೇಕ ಹಳ್ಳಿಗಳು ನೊಂದವು. ಸೈನ್ಯ ಬಂದ ಮೇಲಿನ ವಾರಗಳಲ್ಲಿ ರಜಾಕಾರರಲ್ಲದ ಸಾವಿರಾರು ಮುಸ್ಲಿಮರೂ ಪ್ರಾಣ ಕಳೆದುಕೊಂಡರು. ಕೇಂದ್ರ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಇದನ್ನು ದಾಖಲಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಮತ್ತು ಬೀದರ್ ಸೇರಿದ್ದವು. ಆ ವರದಿಯನ್ನು ಬಹಳ ವರ್ಷ ಪ್ರಕಟಿಸಲಿಲ್ಲ. ನಮ್ಮೂರಿನ ಹಿರಿಯ ಸಾಬರೊಬ್ಬರು ನನಗೆ ಒಮ್ಮೆ ಹೇಳಿದರು: "ರಜಾಕಾರರೆಲ್ಲ ನಿಮ್ಮವರೇ ಅಂತ ಊರಾಗ ಅಂದ್ರು ತಮ್ಮಾ. ನಮ್ಮಪ್ಪ ರಜಾಕಾರ ಅಲ್ಲ, ದರ್ಜಿ." ವಿಮೋಚನೆಯ ದಿನ ಭಾಷಣ ಮಾಡುವಾಗ ಈ ದರ್ಜಿಯ ಮನೆಯೂ ನಮ್ಮ ನೆನಪಿನಲ್ಲಿರಬೇಕು.

ಸೇರಿದ ಮೇಲಿನ ತೊಡಕುಗಳು

ಎರಡು ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆಗಳನ್ನು ಒಂದು ಮಾಡುವ ಕೆಲಸ ನಾನು ಮಾಡಿದ್ದೇನೆ. ಒಪ್ಪಂದಕ್ಕೆ ಸಹಿ ಒಂದು ದಿನದಲ್ಲಿ ಆಗುತ್ತದೆ. ಹಳೆಯ ದಾಖಲೆಗಳನ್ನು ಹೊಸದಕ್ಕೆ ಹೊಂದಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ. ಹೈದರಾಬಾದಿನಲ್ಲೂ ಹಾಗೇ ಆಯಿತು. ಅಲ್ಲಿನ ಹಾಲಿ ಸಿಕ್ಕಾ ರೂಪಾಯಿ ತಕ್ಷಣ ಹೋಗಲಿಲ್ಲ. 7 ಹಾಲಿ ರೂಪಾಯಿಗೆ 6 ಭಾರತದ ರೂಪಾಯಿ ಎಂಬ ಲೆಕ್ಕದಲ್ಲಿ ಎರಡೂ ನಾಣ್ಯಗಳು 1950ರ ದಶಕದಲ್ಲಿ ಜೊತೆಯಾಗಿ ನಡೆದವು. ನಮ್ಮ ತಾತ ಸಂತೆಯಲ್ಲಿ ಎರಡು ಚೀಲ ಇಟ್ಟುಕೊಂಡಿರುತ್ತಿದ್ದರಂತೆ. ಸರಕಿನ ಮೇಲೆ ಸುಂಕ ವಸೂಲಿ ಮಾಡುತ್ತಿದ್ದ ಕರೋಡಗಿರಿ ನಾಕಾದ ಕಥೆಗಳನ್ನೂ ಅವರು ಹೇಳುತ್ತಿದ್ದರು.

ಭಾಷೆಯ ತೊಡಕು ಇನ್ನೂ ದೊಡ್ಡದು. "ಪಟವಾರಿ ಏನು ಬರ್ದಾನ ಅಂತ ನಮಗೆಂಗ ಗೊತ್ತಾಗಬೇಕು? ಅಂವ ಓದಿದ್ದ ಖರೇ ಅನ್ನಬೇಕು" ಎನ್ನುತ್ತಿದ್ದರು ತಾತ. ಪಹಣಿ, ಜಮೀನು, ಕಚೇರಿ, ದಫ್ತರ, ಅರ್ಜಿ ಎಂಬ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿವೆ.

ಮೂರನೆಯದು ನೌಕರಿಯ ತೊಡಕು. ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಕೆಲಸ ಸ್ಥಳೀಯರಿಗೇ ಸಿಗಬೇಕೆಂಬ ಮುಲ್ಕಿ ನಿಯಮವಿತ್ತು. 1948ರ ನಂತರ ಆಡಳಿತ ನಡೆಸಲು ಹೊರಗಿನ ಅಧಿಕಾರಿಗಳು ಬಂದರು. ಅವರಿಲ್ಲದೆ ಕೆಲಸ ಸಾಗುತ್ತಿರಲಿಲ್ಲವೆಂಬುದೂ ನಿಜ, ಅವರಿಂದ ಸ್ಥಳೀಯರ ಅವಕಾಶ ಹೋಯಿತೆಂಬುದೂ ನಿಜ. 1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿಯೇ ಎದ್ದಿತು.

ಲಾಭವೂ ಕಣ್ಣಿಗೆ ಕಾಣುವಷ್ಟಿತ್ತು. ಅದೇ 1952ರಲ್ಲಿ ನಮ್ಮ ಜನ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದರು. ಅಶೋಕನ ಕಾಲದಿಂದ ಯಾರೂ ಕೇಳದ ಮಾತನ್ನು ಆ ಮತಪೆಟ್ಟಿಗೆ ಕೇಳಿತು.

ಎರಡನೆಯ ಸೇರ್ಪಡೆ: 1956

ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್ ಅವರಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಭಾಗ ಆಂಧ್ರಕ್ಕೆ, ಮರಾಠಿ ಭಾಗ ಮುಂಬಯಿಗೆ, ಕನ್ನಡ ಭಾಗ ಮೈಸೂರಿಗೆ ಹೋಯಿತು. ನಮ್ಮ ರಾಯಚೂರು ಜಿಲ್ಲೆಯಿಂದಲೂ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.

ಕನ್ನಡಿಗರೆಲ್ಲ ಒಂದಾದ ದಿನವದು. ಆದರೆ ಹಳೆ ಮೈಸೂರಿನಲ್ಲಿ ಎಲ್ಲರೂ ನಮ್ಮನ್ನು ಬಾಗಿಲಲ್ಲಿ ನಿಂತು ಸ್ವಾಗತಿಸಲಿಲ್ಲ. ಅವರಲ್ಲಿ ವಿದ್ಯುತ್ತು, ಕಾರ್ಖಾನೆ, ಕಾಲೇಜುಗಳಿದ್ದವು. ಹಿಂದುಳಿದ ಜಿಲ್ಲೆಗಳು ಸೇರಿದರೆ ತಮ್ಮ ಹಣ ಅಲ್ಲಿಗೆ ಹರಿದು ಹೋಗುತ್ತದೆ, ರಾಜಕೀಯ ಬಲವೂ ಕೈತಪ್ಪುತ್ತದೆ ಎಂದು ಅಲ್ಲಿನ ಹಲವು ನಾಯಕರು ಅಂಜಿದರು. ನೆರೆಯ ಕನ್ನಡ ಪ್ರದೇಶಗಳ ಸ್ಥಿತಿ ಹೇಗಿದೆ ಎಂದು ನೋಡಲು ಮೈಸೂರು ಸರ್ಕಾರ ಒಂದು ಸಮಿತಿಯನ್ನೇ ನೇಮಿಸಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ವಿರೋಧದ ನಡುವೆಯೂ ಏಕೀಕರಣದ ಪರ ನಿಂತರು. ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ ಮಾತ್ರ ಎಸ್. ನಿಜಲಿಂಗಪ್ಪನವರಾದರು.

ನಾನು ಈ ಲೇಖನಕ್ಕಾಗಿ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಇನ್ನೊಂದು. ಒಂದೇ ಮನೆಯಿಂದ ಹೋದ ಮೂರು ಮಕ್ಕಳಲ್ಲಿ ಇಬ್ಬರು ಮಾತು ಬರೆಸಿಕೊಂಡು ಹೋದರು. ತೆಲಂಗಾಣದ ನಾಯಕರು 1956ರ ಫೆಬ್ರವರಿ 20ರಂದು ಆಂಧ್ರದ ನಾಯಕರೊಂದಿಗೆ 'ಸಜ್ಜನರ ಒಪ್ಪಂದ' ಮಾಡಿಕೊಂಡರು. ನೌಕರಿ, ಶಿಕ್ಷಣ, ಖರ್ಚಿನ ಪಾಲು ಎಲ್ಲವೂ ಅದರಲ್ಲಿದ್ದವು. ಮರಾಠವಾಡಕ್ಕೆ ಅಭಿವೃದ್ಧಿ ಮಂಡಳಿ ರಚಿಸುವ ಅವಕಾಶ ಸಂವಿಧಾನದ 371ನೇ ವಿಧಿಯಲ್ಲೇ ಬಂತು. ನಮ್ಮ ಮೂರು ಜಿಲ್ಲೆಗಳು ಯಾವ ಷರತ್ತೂ ಇಲ್ಲದೆ ಸೇರಿದವು. 1957ರಲ್ಲಿ ಸಂಸತ್ತು ಇಂಥ ವಾಸದ ಷರತ್ತುಗಳನ್ನು ರದ್ದು ಮಾಡಿದಾಗ ತೆಲಂಗಾಣಕ್ಕೆ ವಿನಾಯಿತಿ ಇತ್ತು, ನಮಗಿರಲಿಲ್ಲ.

ನಮ್ಮ ಹಿರಿಯರು ಯಾಕೆ ಕೇಳಲಿಲ್ಲ? ಕನ್ನಡ ಎಂಬ ಒಂದು ಮಾತು ಸಾಕೆಂದು ನಂಬಿದ್ದರು ಎಂದು ನನಗೆ ತೋರುತ್ತದೆ. ತವರಿಗೆ ಹೋಗುವವಳು ಕರಾರು ಬರೆಸಿಕೊಳ್ಳುತ್ತಾಳೆಯೇ? ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಬೆಲೆಯನ್ನು ತೆತ್ತವರು ಅವರ ಮಕ್ಕಳು, ಮೊಮ್ಮಕ್ಕಳು.

ಹೊರಗಿನ ಎರಡು ಉದಾಹರಣೆ

ಇದು ನಮ್ಮೊಬ್ಬರ ಕಥೆಯಲ್ಲ. ಕಂಪನಿಯ ಕೆಲಸದ ಮೇಲೆ ಆರು ತಿಂಗಳು ಪೂರ್ವ ಜರ್ಮನಿಯ ಭಾಗವಾಗಿದ್ದ ಡ್ರೆಸ್ಡೆನ್ ನಗರದಲ್ಲಿದ್ದೆ. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳು ಒಂದಾದವು. ಪೂರ್ವದವರಿಗೆ ಮುಕ್ತ ಚುನಾವಣೆ, ಗಟ್ಟಿ ನಾಣ್ಯ, ಹೊಸ ರಸ್ತೆ ಸಿಕ್ಕವು. ಜೊತೆಗೆ ಹಳೆಯ ಕಾರ್ಖಾನೆಗಳು ಮುಚ್ಚಿದವು, ಹುಡುಗರು ಪಶ್ಚಿಮಕ್ಕೆ ಹೋದರು. ಈ ಖರ್ಚಿಗಾಗಿ 1991ರಿಂದ ಆದಾಯ ತೆರಿಗೆಯ ಮೇಲೆ ಒಂದು ವಿಶೇಷ ಕರವನ್ನೇ ಹಾಕಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, "ನಮ್ಮ ಮೇಲಧಿಕಾರಿಗಳೆಲ್ಲ ಪಶ್ಚಿಮದಿಂದ ಬಂದವರೇ" ಎಂದು ನಕ್ಕರು. ನನಗೆ ತಾತನ ಕಾಲದ ಮುಲ್ಕಿ ಮಾತು ನೆನಪಾಯಿತು.

ಯೂರೋಪ್ ಒಕ್ಕೂಟ ಇನ್ನೊಂದು ದಾರಿ ಹಿಡಿಯಿತು. ಸೇರಬೇಕೆನ್ನುವ ದೇಶ ಪ್ರಜಾಪ್ರಭುತ್ವ, ಕಾನೂನು, ಮಾರುಕಟ್ಟೆ ಇವುಗಳಲ್ಲಿ ಏನೇನು ಸಾಧಿಸಿರಬೇಕು ಎಂದು 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲೇ ಬರೆದಿಟ್ಟರು. 2004ರ ಮೇ 1ರಂದು 10 ದೇಶಗಳು ಒಟ್ಟಿಗೆ ಸೇರಿದವು. ಹಿಂದುಳಿದ ಪ್ರದೇಶಗಳಿಗೆ ಹಣ ಕೊಡುವ ನಿಧಿಯೂ ಇತ್ತು. ಪೋಲೆಂಡಿನಂಥ ದೇಶ ಅದರಿಂದ ಬಹಳ ಮುಂದೆ ಬಂತು. ಆದರೂ ದುಡಿಯುವವರು ಹೊರಟು ಹೋದ ಹಳ್ಳಿಗಳ ಕೊರಗು ಉಳಿಯಿತು. ಹಳೆಯ ಸದಸ್ಯರಲ್ಲಿ, ಬಂದವರಿಂದ ತಮ್ಮ ಕೆಲಸ ಹೋಯಿತೆಂಬ ಸಿಟ್ಟು ಬೆಳೆಯಿತು. ಬ್ರಿಟನ್ 2020ರ ಜನವರಿ 31ರಂದು ಹೊರನಡೆದದ್ದಕ್ಕೆ ಆ ಸಿಟ್ಟೂ ಒಂದು ಕಾರಣ. ಬರೆದ ಷರತ್ತಿದ್ದರೂ ಕಷ್ಟ ತಪ್ಪುವುದಿಲ್ಲ. ಷರತ್ತೇ ಇಲ್ಲದಿದ್ದರೆ ಕೇಳುವುದಕ್ಕೆ ಒಂದು ಕಾಗದವೂ ಇರುವುದಿಲ್ಲ.

57 ವರ್ಷದ ನಂತರ ಬಂದ ಕಾಗದ

ನಮ್ಮ ಸ್ಥಿತಿ ಎಷ್ಟು ಹಿಂದಿತ್ತು ಎಂಬುದನ್ನು 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅಂಕಿಅಂಶಗಳಲ್ಲಿ ತೋರಿಸಿತು. ರಾಜ್ಯದ 175 ತಾಲ್ಲೂಕುಗಳಲ್ಲಿ 39 'ಅತ್ಯಂತ ಹಿಂದುಳಿದವು'. ಆ 39ರಲ್ಲಿ 21 ಗುಲ್ಬರ್ಗ ವಿಭಾಗದವೇ. ಸಿಂಧನೂರು ಮತ್ತು ಲಿಂಗಸುಗೂರು ಎರಡೂ ಆ ಪಟ್ಟಿಯಲ್ಲಿದ್ದವು. ಮಸ್ಕಿ ಆಗ ಲಿಂಗಸುಗೂರು ತಾಲ್ಲೂಕಿನ ಊರು. ಭತ್ತ ಬೆಳೆಯುವ ಸಿಂಧನೂರು ಹಿಂದುಳಿದದ್ದು ಹೇಗೆ ಎಂದು ಕೆಲವರು ಕೇಳುತ್ತಾರೆ. ಕಾಲುವೆ ನೀರು ಗದ್ದೆಗೆ ಬಂದರೆ ಆಸ್ಪತ್ರೆ, ಕಾಲೇಜು ತಾವಾಗಿ ಬರುವುದಿಲ್ಲ. ಆ ನೀರೂ ಕೊನೆಯ ಭಾಗದ ಹೊಲಗಳಿಗೆ ತಲುಪುವುದಿಲ್ಲ. ಮಸ್ಕಿ ಕಡೆಯ ರೈತರು 5ಎ ಕಾಲುವೆಗಾಗಿ ಧರಣಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ.

ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. 2013ರಿಂದ ಅದು ಜಾರಿಯಲ್ಲಿದೆ. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದೆಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ವೃಂದದಲ್ಲಿ ಶೇ. 75, ಸಿ ವೃಂದದಲ್ಲಿ ಶೇ. 80, ಡಿ ವೃಂದದಲ್ಲಿ ಶೇ. 85 ಸ್ಥಳೀಯರಿಗೆ. 1956ರಲ್ಲಿ ಬರೆಸಿಕೊಳ್ಳದ ಮಾತು ಬರಹಕ್ಕೆ ಬರಲು 57 ವರ್ಷ ಹಿಡಿಯಿತು.

ನಾನು ಬಿ.ಇ. ಸೇರಿದಾಗ ಇದು ಇರಲಿಲ್ಲ. ಕನ್ನಡ ಮಾಧ್ಯಮದಿಂದ ಹೋದ ನಾನು ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಫೇಲಾದೆ. ನನ್ನ ತಂಗಿಯ ಕಾಲಕ್ಕೆ ಅದು ಬಂದಿತ್ತು. ಅರ್ಹತಾ ಪ್ರಮಾಣಪತ್ರಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಹೋಗುವ ಮುಂಚೆ ಅಪ್ಪ ಟ್ರಂಕಿನಲ್ಲಿದ್ದ ಎಲ್ಲ ಕಾಗದ ಹರವಿ ಕೂತರು. ಅದರಲ್ಲಿ ತಾತನ ಕಾಲದ ಉರ್ದು ಕಾಗದವೊಂದಿತ್ತು. ಮನೆಯಲ್ಲಿ ಯಾರಿಗೂ ಓದಲು ಬರಲಿಲ್ಲ. ಓದಿ ಹೇಳಿದವರು ಮೇಲೆ ಹೇಳಿದ ದರ್ಜಿಯ ಮಗ. "ಇದು ನಿಮ್ಮ ಹೊಲದ್ದು, ನಾಲ್ಕೂ ಕಡೆ ಯಾರ ಹೊಲ ಐತಿ ಅಂತ ಬರ್ದಾರ. ಉತ್ತರಕ್ಕ ನಮ್ದು" ಎಂದರು. ಕಚೇರಿಗೆ ಆ ಕಾಗದ ಬೇಕಾಗಲಿಲ್ಲ. ತಂಗಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಅಪ್ಪ ಅದನ್ನು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟರು.

ನಾವು ಕೊಟ್ಟದ್ದೂ ಇದೆ

ಹೊಸದಾಗಿ ಸೇರಿದವರು ಬರೀ ಬೇಡುವವರು ಎಂಬ ಮಾತು ತಪ್ಪು. ಹಟ್ಟಿಯ ಚಿನ್ನದ ಗಣಿ ಲಿಂಗಸುಗೂರು ತಾಲ್ಲೂಕಿನದು. ಶಕ್ತಿನಗರದ ವಿದ್ಯುತ್ತು ಬೆಂಗಳೂರಿನ ದೀಪಗಳಿಗೂ ಹೋಗುತ್ತದೆ. ಸಿಂಧನೂರಿನ ಅಕ್ಕಿ ಊರೂರಿಗೆ ಹೋಗುತ್ತದೆ. ತುಂಗಭದ್ರಾ ಅಣೆಕಟ್ಟೆಯೂ ಇಬ್ಬರು ಕೂಡಿ ಮಾಡಿದ ಕೆಲಸವೇ. 1945ರಲ್ಲಿ ಒಂದು ದಂಡೆಯಲ್ಲಿ ಹೈದರಾಬಾದಿನವರು, ಇನ್ನೊಂದು ದಂಡೆಯಲ್ಲಿ ಮದ್ರಾಸಿನವರು ಅಡಿಗಲ್ಲು ಹಾಕಿದರು.

ನಾವೂ ಬೇರೆಯವರನ್ನು ಸೇರಿಸಿಕೊಂಡಿದ್ದೇವೆ. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಜಾಗ ಕೊಡಲಾಯಿತು. ನನ್ನ ತರಗತಿಯಲ್ಲಿ ಮನೆಯಲ್ಲಿ ತೆಲುಗು ಆಡುವವರು, ಉರ್ದು ಆಡುವವರು, ಲಂಬಾಣಿ ಆಡುವವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಬಂದವರು ನಮ್ಮ ಹೊಲ ಅಗ್ಗಕ್ಕೆ ಕೊಂಡರು ಎಂಬ ಮಾತನ್ನು ನಮ್ಮ ಮನೆಗಳಲ್ಲೂ ಕೇಳಿದ್ದೇವೆ. ಹಳೆ ಮೈಸೂರಿನವರು ನಮ್ಮ ಬಗ್ಗೆ ಅಂಜಿದ್ದು ಇದಕ್ಕಿಂತ ಬೇರೆಯಲ್ಲ.

ಕೊನೆಯ ಮಾತು

ಇಷ್ಟು ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ಸೇರುವುದು ಒಳ್ಳೆಯದು. ಸೇರದೆ ಉಳಿದಿದ್ದರೆ ನಮಗೆ ಮತವೂ ಇರುತ್ತಿರಲಿಲ್ಲ, ಮಾತೂ ಇರುತ್ತಿರಲಿಲ್ಲ. ಆದರೆ ಸೇರುವಾಗ ಪ್ರೀತಿಯ ಜೊತೆ ಕಾಗದವೂ ಬೇಕು. ಕಾಗದ ಬಂದ ಮೇಲೆ ಅದನ್ನು ಓದಿ ಬಳಸಬಲ್ಲ ಮಕ್ಕಳೂ ಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75, ನಮ್ಮ ಜಿಲ್ಲೆಯದು ಶೇ. 60ರ ಆಸುಪಾಸು. 371(ಜೆ) ಸೀಟು ಕೊಡುತ್ತದೆ. ಗಣಿತದ ಮೇಷ್ಟ್ರಿಲ್ಲದ ಶಾಲೆಯಿಂದ ಹೋದ ಮಗು ಆ ಸೀಟಿನಲ್ಲಿ ಕೂತು ಏನು ಮಾಡಬೇಕು?

ನಮ್ಮ ಈ ಪ್ರೌಢಶಾಲೆ ಬಂದದ್ದು ಏಕೀಕರಣವಾಗಿ ಸುಮಾರು ಎರಡು ದಶಕದ ನಂತರ. ನನ್ನ ಲೆಕ್ಕದಲ್ಲಿ ನಮ್ಮೂರು ಕರ್ನಾಟಕಕ್ಕೆ ಸೇರಿದ್ದು 1956ರಲ್ಲಲ್ಲ, ಈ ಶಾಲೆಯ ಮೊದಲ ಗಂಟೆ ಬಾರಿಸಿದ ದಿನ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ. ಈ ಮಹೋತ್ಸವದ ಶಾಮಿಯಾನ ಬಿಚ್ಚಿದ ಮೇಲೆ ನಮ್ಮಲ್ಲಿ ಹತ್ತು ಜನರಾದರೂ ಸೇರಿ, ಹತ್ತನೇ ತರಗತಿಯ ಮಕ್ಕಳಿಗೆ ಭಾನುವಾರ ಗಣಿತ ಮತ್ತು ಇಂಗ್ಲಿಷ್ ಹೇಳಿಕೊಡೋಣ. ಬೆಂಗಳೂರಿನಲ್ಲಿರುವ ನಾವು ವಿಡಿಯೊ ಕರೆಯಲ್ಲಿ ಹೇಳಿಕೊಡಬಹುದು. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.

ಗುರುಗಳೇ, ಎಂಟನೇ ತರಗತಿಯ ಪ್ರಶ್ನೆಗೆ ಉತ್ತರ ತಡವಾಗಿ ಒಪ್ಪಿಸುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ.